ಕೊರೆದದ್ದು ಉಳಿಯುತ್ತದೆ

"ಸರ್, ಹೃದಯದಲ್ಲಿ ಎಂತರಲ್ಲಿ ಕೆತ್ತುವುದು?"

ಒಂಬತ್ತನೇ ತರಗತಿಯ ಹುಡುಗಿ ಹೀಗೆ ಕೇಳಿದಾಗ ನಾನು ಒಂದು ಕ್ಷಣ ತಬ್ಬಿಬ್ಬಾದೆ. ಹೈಸ್ಕೂಲಿನ ಇಂಗ್ಲಿಷ್ ಮಾಸ್ತರಿಕೆಯಿಂದ ನಿವೃತ್ತನಾಗಿ ಕುಂಬ್ರದಲ್ಲಿ ನೆಲೆಸಿದ ಮೇಲೆ ಸಂಜೆ ಹೊತ್ತು ಹತ್ತಿರದ ಒಂದೆರಡು ಮಕ್ಕಳು ಪಾಠಕ್ಕೆಂದು ಮನೆಗೆ ಬರುವುದುಂಟು. ಈ ಹುಡುಗಿ ಅವರಲ್ಲಿ ಚುರುಕು. ಅವಳ ಅಭ್ಯಾಸದ ವಾಕ್ಯಗಳಲ್ಲಿ 'ಎನ್‌ಗ್ರೇವ್' ಎಂಬ ಕ್ರಿಯಾಪದ ಬಂದಿತ್ತು. ಗುರುಗಳ ಮಾತು ತನ್ನ ಹೃದಯದಲ್ಲಿ ಎನ್‌ಗ್ರೇವ್ ಆಗಿದೆ ಎಂದು ಯಾರೋ ಹೇಳುವ ವಾಕ್ಯ. ನಿಘಂಟು ತೆಗೆದು ನೋಡಿದಳು. ಕೆತ್ತು, ಕೊರೆ ಎಂದಿತ್ತು. ಹಿಂದಿನ ಭಾನುವಾರವಷ್ಟೇ ಅವಳು ಪುತ್ತೂರಿನ ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಹರಿವಾಣಕ್ಕೆ ಹೆಸರು ಹಾಕುವುದನ್ನು ಕಣ್ಣಾರೆ ನೋಡಿ ಬಂದಿದ್ದಳು. ಕರೆಂಟಿನ ಪೆನ್ನು ಕರ್ರೆಂದು ಹಲ್ಲು ಜುಮ್ಮೆನ್ನುವಂತೆ ಸದ್ದು ಮಾಡುತ್ತಾ ಅಕ್ಷರ ಮೂಡಿಸುತ್ತಿತ್ತಂತೆ. ಅದನ್ನು ಹೃದಯಕ್ಕೆ ಹಿಡಿದರೆ ಏನಾದೀತು ಎಂಬುದು ಅವಳ ಕುತೂಹಲ. ಪ್ರಶ್ನೆ ನ್ಯಾಯವಾದದ್ದೇ.

ಮೇಷ್ಟ್ರ ಕೆಲಸದಿಂದ ನಿವೃತ್ತನಾದರೂ ಮೇಷ್ಟ್ರ ಚಪಲದಿಂದ ಯಾರೂ ನಿವೃತ್ತರಾಗುವುದಿಲ್ಲ. ಒಳಗೆ ಹೋಗಿ ನನ್ನ ಅಮ್ಮನ ಹಿತ್ತಾಳೆಯ ಕೊಡಪಾನವನ್ನು ಹೊತ್ತು ತಂದೆ. ಅದರ ಕಂಠದ ಕೆಳಗೆ ಅಮ್ಮನ ಹೆಸರಿದೆ. ಅದು ಕರೆಂಟಿನ ಪೆನ್ನಿನ ಕಾಲದ್ದಲ್ಲ. ಸಣ್ಣ ಉಳಿಯನ್ನಿಟ್ಟು ಸುತ್ತಿಗೆಯಿಂದ ಮೆಲ್ಲ ಬಡಿದು, ಚುಕ್ಕೆಗೆ ಚುಕ್ಕೆ ಸೇರಿಸಿ ಬರೆದದ್ದು. ಒಂದು ದೀರ್ಘ ತಪ್ಪಿದೆ. ಬರೆದವನಿಗೆ ಅದನ್ನು ಒರೆಸುವ ಉಪಾಯವಿರಲಿಲ್ಲ. ಹಾಗಾಗಿ ಅಮ್ಮ ತನ್ನ ತಪ್ಪು ಹೆಸರಿನ ಕೊಡದಲ್ಲಿಯೇ ಆಯುಷ್ಯವಿಡೀ ನೀರು ಹೊತ್ತಳು. ಮದುವೆ, ಉಪನಯನ, ತಿಥಿ ಎಂದು ಊರಿನ ಪಾತ್ರೆಗಳೆಲ್ಲ ಒಂದೇ ಅಂಗಳದಲ್ಲಿ ಸೇರುತ್ತಿದ್ದ ಕಾಲ ಅದು. ಮರುದಿನ ರಾಶಿಯಿಂದ ಅವರವರ ಪಾತ್ರೆಯನ್ನು ಅವರವರು ಆರಿಸಿಕೊಳ್ಳಬೇಕಾದರೆ ಹೆಸರೇ ದಾರಿ. ಅಮ್ಮನ ಕೊಡ ಎಲ್ಲಿಗೆ ಹೋದರೂ ಮನೆಗೆ ಬರುತ್ತಿತ್ತು. ಅಮ್ಮ ಹೋದಳು, ಕೊಡ ಇದೆ.

"ಇದು ನಿಜವಾದ ಕೆತ್ತುವುದು. ಮನಸ್ಸಿನಲ್ಲಿ ಕೆತ್ತುವುದು ಹೋಲಿಕೆಯ ಮಾತು" ಎಂದು ಪಾಠ ಶುರು ಮಾಡಿದೆ.

ಮಾತಿನ ಬೇರು ಹಿಡಿದು ಹೊರಟರೆ ಮಕ್ಕಳಿಗೆ ಖುಷಿಯಾಗುತ್ತದೆ. ಎನ್‌ಗ್ರೇವ್ ಎಂಬುದರೊಳಗಿನ 'ಗ್ರೇವ್' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಅಗೆಯುವುದು. ಸತ್ತವರನ್ನು ಹೂಳುವ ಗುಂಡಿಗೆ ಗ್ರೇವ್ ಎನ್ನುತ್ತಾರಲ್ಲ, ಅದಕ್ಕೂ ಅದೇ ಬೇರು. ಗಂಭೀರ ಎಂಬ ಅರ್ಥದ ಇನ್ನೊಂದು ಗ್ರೇವ್ ಇದೆ; ಅದು ಲ್ಯಾಟಿನ್ನಿನಿಂದ ಬಂದ ಬೇರೆ ಶಬ್ದ, ರೂಪ ಮಾತ್ರ ಒಂದೇ. ನಾವು ದಿನವೂ ಬಳಸುವ 'ರೈಟ್', ಅಂದರೆ ಬರೆಯುವುದು, ಅದೂ ಮೂಲದಲ್ಲಿ ಗೀರುವುದೇ. 'ಎಚ್' ಎಂಬ ಕ್ರಿಯಾಪದ ತಿನ್ನುವುದಕ್ಕೆ ಸಂಬಂಧಿಸಿದ್ದು. ಲೋಹದ ಮೇಲೆ ಆಸಿಡ್ ಹಾಕಿ ಅದು ಬೇಕಾದಷ್ಟನ್ನು ತಿಂದು ಚಿತ್ರ ಮೂಡುವಂತೆ ಮಾಡುವ ಕೆಲಸ. ಇನ್ನು 'ಕ್ಯಾರೆಕ್ಟರ್' ಎಂದರೆ ಗ್ರೀಕ್ ಭಾಷೆಯಲ್ಲಿ ಕೊರೆದ ಗುರುತು, ಅಚ್ಚೊತ್ತಿದ ಮುದ್ರೆ. ಅಲ್ಲಿಂದಲೇ ಅಕ್ಷರ ಎಂಬ ಅರ್ಥವೂ ಬಂತು, ಮನುಷ್ಯನ ಸ್ವಭಾವ ಎಂಬ ಅರ್ಥವೂ ಬಂತು. ನನ್ನ ಸರ್ವೀಸಿನಲ್ಲಿ ನೂರಾರು ಕ್ಯಾರೆಕ್ಟರ್ ಸರ್ಟಿಫಿಕೇಟುಗಳನ್ನು ಬರೆದವನು ನಾನು. ಒಂದು ಮಗುವಿನ ಮೇಲೆ ಏನು ಕೊರೆದಿದೆ ಎಂಬುದಕ್ಕೆ ಸಾಕ್ಷಿ ಬರೆಯುತ್ತಿದ್ದೇನೆ, ಕೊರೆದವರಲ್ಲಿ ನಾನೂ ಒಬ್ಬ ಎಂದು ಆಗ ಹೊಳೆದಿರಲಿಲ್ಲ.

ಕನ್ನಡವೇನು ಕಡಿಮೆಯೇ? 'ಬರೆ' ಎಂದರೆ ಬರೆಯುವುದೂ ಹೌದು, ಕಾಯಿಸಿದ ಕಬ್ಬಿಣದಿಂದ ಎಳೆದ ಗುರುತೂ ಹೌದು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡದ್ದು ಈ ಬರೆಯಿಂದಲೇ. 'ಕೊರೆ' ಇನ್ನೂ ಉದಾರಿ. ಬಾವಿ ಕೊರೆಯುತ್ತೇವೆ, ಕಲ್ಲು ಕೊರೆಯುತ್ತೇವೆ. ಚಳಿ ಕೊರೆಯುತ್ತದೆ, ಚಿಂತೆ ಕೊರೆಯುತ್ತದೆ. ಮುಗಿಸಲು ಮನಸ್ಸಿಲ್ಲದ ಭಾಷಣಕಾರ ತಲೆ ಕೊರೆಯುತ್ತಾನೆ. (ಈ ಹೊತ್ತಿಗೆ ಹುಡುಗಿ ಗಡಿಯಾರ ನೋಡಿದಳು.)

ಶಾಸನಗಳಲ್ಲಿ 'ಕಂಡರಿಸು' ಎಂಬ ಚಂದದ ಮಾತಿದೆ. ನಮ್ಮ ಹಳೆಯ ಶಾಸನಗಳಲ್ಲಿ ಎಷ್ಟೋ ಕಡೆ ಪದ್ಯ ಕಟ್ಟಿದವನು ಒಬ್ಬ, ಅದನ್ನು ಕಲ್ಲಿನ ಮೇಲೆ ಬರೆದವನು ಇನ್ನೊಬ್ಬ, ಉಳಿ ಹಿಡಿದು ಕಂಡರಿಸಿದವನು ಮತ್ತೊಬ್ಬ ಎಂದು ಹೆಸರು ಸಮೇತ ಹೇಳಿರುತ್ತದೆ. ಶಿಲ್ಪಿಗೆ 'ರೂವಾರಿ' ಎನ್ನುತ್ತಿದ್ದರು. ಈಗ ಆ ಶಬ್ದದ ಕೈಯಿಂದ ಉಳಿ ಜಾರಿದೆ. ಪತ್ರಿಕೆ ತೆರೆದರೆ ಯೋಜನೆಯ ರೂವಾರಿ, ಗೆಲುವಿನ ರೂವಾರಿ ಎಂದು ಓದುತ್ತೇವೆ. ನಿಜಾರ್ಥ ಹೋಗಿ ಹೋಲಿಕೆಯ ಅರ್ಥವೇ ಉಳಿದುಬಿಟ್ಟಿದೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇಬ್ಬರೂ ಕೆಲಸ ಮಾಡಿದ್ದಾರೆ, ಇಬ್ಬರ ಹೆಸರೂ ಅಲ್ಲಿವೆ. ಅಪ್ಪ ಮಗನಿಗೆ ಉಳಿ ಹಿಡಿಯುವುದನ್ನು ಕಲಿಸುವಾಗ ಏನೇನು ಹೇಳಿದ್ದನೋ, ಹೇಗೆ ಬೈದಿದ್ದನೋ, ಅದು ಯಾವ ಕಲ್ಲಿನಲ್ಲಿಯೂ ಇಲ್ಲ.

ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವನ್ನು ವಿದ್ಯಾರ್ಥಿಗಳೆಲ್ಲ ಬಲ್ಲರು. ಸುಮಾರು ಕ್ರಿ.ಶ. 450ರದ್ದು, ಹದಿನಾರು ಸಾಲು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಶೌರ್ಯ ತೋರಿದ ವಿಜಅರಸ ಎಂಬವನಿಗೆ ಎರಡು ಊರುಗಳನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಆ ಯುದ್ಧ ಯಾರಿಗೂ ಬೇಡವಾಯಿತು, ಊರುಗಳ ಒಡೆತನ ಎಷ್ಟು ಕೈ ಬದಲಾಯಿತೋ. ಕೊರೆದ ಮಾತು ಮಾತ್ರ ಕನ್ನಡದ ಹುಟ್ಟಿನ ದಾಖಲೆಗಳಲ್ಲಿ ಒಂದಾಗಿ ನಿಂತಿತು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರಿದೆ, ಅದೂ ಒಂದಕ್ಕಿಂತ ಹೆಚ್ಚು ಲಿಪಿಗಳಲ್ಲಿ. ನಮ್ಮ ಜಿಲ್ಲೆಗಳ ಕಡೆಗೇ ಬನ್ನಿ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಐದು ಶತಮಾನಗಳ ನಂತರ ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತಿದರು. 1973ರಲ್ಲಿ ಅದನ್ನು ಧರ್ಮಸ್ಥಳಕ್ಕೆ ಸಾಗಿಸುವಾಗ ದಾರಿಯುದ್ದಕ್ಕೂ ಜನ ಜಾತ್ರೆಯ ಹಾಗೆ ಸೇರಿದ್ದರು. ಅಷ್ಟು ದೊಡ್ಡ ಕಲ್ಲಿನಲ್ಲಿ ಮೂಗಿನ ತುದಿಯಲ್ಲಿ ಒಂದು ಏಟು ಹೆಚ್ಚಾದರೆ? ಮತ್ತೆ ಅಂಟಿಸಲು ಬರುವುದಿಲ್ಲ. ಕೆತ್ತುವುದೆಂದರೆ ತೆಗೆಯುವ ಕೆಲಸ. ತೆಗೆದದ್ದನ್ನು ಹಿಂದಕ್ಕೆ ಹಾಕಲಾಗದು.

ತಾಳೆಗರಿಯ ಬರಹವೂ ಕೊರೆತವೇ. ಕಬ್ಬಿಣದ ಕಂಠದಿಂದ ಗರಿಯನ್ನು ಗೀರಿ, ಮೇಲೆ ಮಸಿ ಸವರಿ ಒರೆಸಿದಾಗ ಗೀರಿನೊಳಗೆ ಕಪ್ಪು ನಿಂತು ಅಕ್ಷರ ಕಾಣುತ್ತಿತ್ತು. ಕೈ ಭಾರವಾದರೆ ಗರಿ ಹರಿಯುತ್ತದೆ, ಹಗುರವಾದರೆ ಮಸಿ ನಿಲ್ಲುವುದಿಲ್ಲ.

ಆದರೆ ಕಲ್ಲಿನ ಮೇಲೆ ಬಂದದ್ದೆಲ್ಲ ಶಾಶ್ವತವಲ್ಲ, ಇದನ್ನೂ ಹುಡುಗಿಗೆ ಹೇಳಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಟಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಕಲ್ಲಚ್ಚಿನಲ್ಲಿ ಕೊರೆಯುವುದಿಲ್ಲ. ನುಣ್ಣಗಿನ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು ಪ್ರತಿ ತೆಗೆಯುವುದು. ಕೆಲಸ ಮುಗಿದ ಮೇಲೆ ಕಲ್ಲನ್ನು ಉಜ್ಜಿ ನುಣ್ಣಗೆ ಮಾಡಿ ಮತ್ತೆ ಬೇರೆ ಬರೆಯಬಹುದು. ಅಂದರೆ ಕಲ್ಲು ಮುಖ್ಯವಲ್ಲ. ಎಷ್ಟು ಆಳಕ್ಕೆ ಹೋಯಿತು ಎಂಬುದು ಮುಖ್ಯ.

"ಈಗ ಅರ್ಥವಾಯಿತಾ? ಮನಸ್ಸಿನೊಳಗೆ ಆಳಕ್ಕೆ ಹೋದ ಮಾತು ಒರೆಸಿದರೂ ಹೋಗುವುದಿಲ್ಲ. ಅದಕ್ಕೆ ಹಾಗೆ ಹೇಳುವುದು. ನಾಳೆ ಬರುವಾಗ ಎನ್‌ಗ್ರೇವ್ ಸೇರಿಸಿ ಎರಡು ಸ್ವಂತ ವಾಕ್ಯ ಬರೆದು ತಾ" ಎಂದೆ. ಹುಡುಗಿ ತಲೆಯಾಡಿಸಿ ಪುಸ್ತಕ ಕಟ್ಟಿದಳು. ಪಾಠ ಚೆನ್ನಾಗಿಯೇ ಆಯಿತೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಜಗಲಿಯ ತುದಿಯಲ್ಲಿ ಅವಳ ಅಪ್ಪ ಕುಳಿತಿದ್ದ. ಬೆಳ್ಳಾರೆ ರಸ್ತೆಯಿಂದ ಒಳಗೆ ಹೋಗಬೇಕಾದ ಮನೆ, ದಾರಿಯಲ್ಲಿ ತೋಟ. ಹಾಗಾಗಿ ದಿನವೂ ಟಾರ್ಚ್ ಹಿಡಿದು ಮಗಳನ್ನು ಕರೆದುಕೊಂಡು ಹೋಗಲು ಬರುತ್ತಾನೆ. ರಬ್ಬರ್ ಟ್ಯಾಪಿಂಗ್ ಅವನ ಕೆಲಸ. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿಯೇ. ಅಷ್ಟು ನೆನಪಿತ್ತು, ಅದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅಂದು ಮಗಳನ್ನು "ನೀನು ಗೇಟಿನ ಹತ್ತಿರ ನಿಲ್ಲು, ಬಂದೆ" ಎಂದು ಕಳಿಸಿ ಅವನು ಎದ್ದು ನಿಂತ.

"ಮಾಷ್ಟ್ರೇ, ಒಂದು ಮಾತು ಹೇಳಲಿಕ್ಕುಂಟು. ಬೇಜಾರು ಮಾಡಬೇಡಿ."

"ಎಂತ ಮಾರಾಯ, ಹೇಳು."

"ಇವಳನ್ನು ಬೈಯಿರಿ, ತೊಂದರೆಯಿಲ್ಲ. ಕಲಿಯದಿದ್ದರೆ ಬೈಯಲೇಬೇಕು. ಆದರೆ ಅವತ್ತು ನನಗೆ ಹೇಳಿದಿರಲ್ಲ, ಹಾಗೆ ಮಾತ್ರ ಹೇಳಬೇಡಿ."

ಯಾವತ್ತು? ಏನು? ನನಗೆ ಏನೇನೂ ಹೊಳೆಯಲಿಲ್ಲ. ಅವನೇ ಹೇಳಿದ. 1991ನೇ ಇಸವಿ, ಅವನು ಒಂಬತ್ತನೆಯಲ್ಲಿದ್ದ. ಕೈವಾರದ ಮುಳ್ಳಿನಿಂದ ಬೆಂಚಿನ ಮೇಲೆ ಹೆಸರು ಕೊರೆಯುತ್ತಿದ್ದವನನ್ನು ನಾನು ಹಿಡಿದೆನಂತೆ. ಇಡೀ ಕ್ಲಾಸಿನೆದುರು ನಿಲ್ಲಿಸಿ ಹೇಳಿದೆನಂತೆ: "ಕೊರೆ ಮಗ, ಚೆನ್ನಾಗಿ ಕೊರೆ. ನಿನ್ನ ಹೆಸರು ಉಳಿಯುವುದಾದರೆ ಈ ಬೆಂಚಿನಲ್ಲಿ ಮಾತ್ರ. ಪಾಸಾದವರ ಪಟ್ಟಿಯಲ್ಲಿ ಅದು ಎಂದೂ ಬರಲಿಕ್ಕಿಲ್ಲ."

ಅವನು ನನ್ನ ಧಾಟಿಯಲ್ಲಿಯೇ ಹೇಳಿದ. 'ಮಗ' ಎಂಬಲ್ಲಿ ನಾನು ಎಳೆಯುವ ರಾಗವೂ ಇತ್ತು. ಸುಳ್ಳೆನ್ನಲು ಸಾಧ್ಯವೇ ಇರಲಿಲ್ಲ. ಅದು ನನ್ನದೇ ಮಾತು. ಅಂಥ ಚಾಟಿ ಮಾತುಗಳಿಗೆ ನಾನು ಆಗ ಪ್ರಸಿದ್ಧ. ಮಕ್ಕಳು ನಗುತ್ತಿದ್ದರು, ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ಮೆಚ್ಚುತ್ತಿದ್ದರು. ಬೆತ್ತ ಹಿಡಿಯದ ಮಾಸ್ತರು ಎಂಬ ಹೆಮ್ಮೆ ಬೇರೆ ನನಗಿತ್ತು.

"ನೀವು ಬೈದದ್ದಕ್ಕಲ್ಲ ಮಾಷ್ಟ್ರೇ. ಎಲ್ಲರೂ ನಗಾಡಿದರಲ್ಲ, ಅದಕ್ಕೆ" ಎಂದ. ಹತ್ತನೆಯಲ್ಲಿ ಫೇಲಾದಾಗ ಇನ್ನೊಮ್ಮೆ ಕಟ್ಟು ಎಂದು ಅವನ ಅಮ್ಮ ಹೇಳಿದಳಂತೆ. ಪಟ್ಟಿಯಲ್ಲಿ ಹೆಸರು ಬರುವುದಿಲ್ಲ ಎಂದು ಮಾಷ್ಟ್ರೇ ಹೇಳಿದ್ದಾರೆ, ಸುಮ್ಮನೆ ಫೀಸು ದಂಡ ಎಂದು ಇವನು ಕಟ್ಟಲಿಲ್ಲ.

ನನ್ನ ಬಾಯಿ ಒಣಗಿತು. ಎಲ್ಲವೂ ನನ್ನೊಂದು ಮಾತಿನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ, ಅವನೂ ಹೇಳಲಿಲ್ಲ. ಮನೆಯ ಕಷ್ಟ, ಕೆಲಸದ ಅನಿವಾರ್ಯ ಎಲ್ಲ ಇದ್ದಿರಬಹುದು. ಆದರೂ ಬಾಗಿಲು ಮುಚ್ಚುತ್ತಿದ್ದ ಕೈಗಳಲ್ಲಿ ನನ್ನದೂ ಒಂದು. "ಆ ಬೆಂಚು ಈಗ ಉಂಟಾ?" ಎಂದು ಏನೋ ಕೇಳಬೇಕೆಂದು ಕೇಳಿದೆ. "ಎಲ್ಲಿಯ ಬೆಂಚು! ಒರಲೆ ಹಿಡಿದು ಆಗಲೇ ಹೋಯಿತು" ಎಂದು ನಕ್ಕ.

ಉಳಿಯುತ್ತದೆ ಎಂದು ನಾನು ಹೇಳಿದ್ದು ಉಳಿಯಲಿಲ್ಲ. ಗಾಳಿಯಲ್ಲಿ ಹೋಯಿತು ಎಂದುಕೊಂಡದ್ದು ಉಳಿದಿತ್ತು.

"ತಪ್ಪಾಯ್ತು ಮಾರಾಯ" ಎಂದೆ. ಮೂವತ್ತು ವರ್ಷಕ್ಕೂ ಮೀರಿ ತಡವಾದ ಮಾತು. "ಅಯ್ಯೋ, ನೀವು ಹಾಗೆಲ್ಲ ಹೇಳಬಾರದು" ಎಂದು ಅವನೇ ಸಂಕೋಚಪಟ್ಟು ಟಾರ್ಚ್ ಹೊತ್ತಿಸಿ ಇಳಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೆಷ್ಟು ಮಕ್ಕಳಿಗೆ ಏನೇನು ಹೇಳಿದ್ದೆನೋ ಎಂದು ನೆನಪಿಸಿಕೊಳ್ಳಲು ನೋಡಿದೆ. ಒಂದೂ ನೆನಪಾಗಲಿಲ್ಲ. ಉಳಿ ಏಟನ್ನು ನೆನಪಿಟ್ಟುಕೊಳ್ಳುವುದಿಲ್ಲ, ಕಲ್ಲು ಇಟ್ಟುಕೊಳ್ಳುತ್ತದೆ.

ಆ ವಾರದ ಕೊನೆಯಲ್ಲಿ ನಸುಕಿಗೆ ಎದ್ದು ಅವನು ಕೆಲಸ ಮಾಡುವ ತೋಟಕ್ಕೆ ಹೋದೆ. ರಬ್ಬರ್ ಮರಗಳ ನಡುವೆ ಬದುಕಿಯೂ ಟ್ಯಾಪಿಂಗನ್ನು ಹತ್ತಿರದಿಂದ ನೋಡಿದವನಲ್ಲ ನಾನು. ಹಣೆಗೆ ಲೈಟು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುತ್ತಿದ್ದ. ನನ್ನನ್ನು ಕಂಡು ಆಶ್ಚರ್ಯಪಟ್ಟರೂ ಕೈ ನಿಲ್ಲಿಸಲಿಲ್ಲ. ಬಿಸಿಲೇರಿದರೆ ಹಾಲು ಕಡಿಮೆ. ಹಿಂದಿನ ಸಲದ ಒಣ ಹಾಲಿನ ಎಳೆಯನ್ನು ಕಿತ್ತು, ಬಾಗಿದ ಕತ್ತಿಯಿಂದ ತೊಗಟೆಯನ್ನು ಎಡಗಡೆಯ ಮೇಲಿನಿಂದ ಬಲಕ್ಕೆ ಇಳಿಜಾರಾಗಿ ತೆಳ್ಳಗೆ ಸೀಳುತ್ತಾ ಬಂದ. ಬಿಳಿಯ ಹಾಲು ಗೆರೆಯುದ್ದಕ್ಕೂ ಮುತ್ತಿನ ಹಾಗೆ ಮೂಡಿ, ಜಾರಿ, ಚಿಪ್ಪಿಗೆ ತೊಟ್ಟಿಕ್ಕತೊಡಗಿತು.

ಕೆಲಸದ ಮರ್ಮ ಅವನೇ ವಿವರಿಸಿದ. ಮರ ನೆಟ್ಟು ಸುಮಾರು ಏಳು ವರ್ಷವಾಗಿ ಬೇಕಾದಷ್ಟು ದಪ್ಪ ಬರುವವರೆಗೆ ಕತ್ತಿ ಮುಟ್ಟಿಸಬಾರದು. ಹಾಲಿನ ನಾಳಗಳು ತೊಗಟೆಯ ಒಳಪದರದಲ್ಲಿ ಹೆಚ್ಚು. ಮೇಲೆ ಮೇಲೆ ಕೊರೆದರೆ ಹಾಲು ಬರುವುದಿಲ್ಲ. ಆದರೆ ತೊಗಟೆಗೂ ಮರಕ್ಕೂ ನಡುವೆ ಒಂದು ಜೀವದ ಪದರ ಉಂಟು. ಕತ್ತಿ ಅದನ್ನು ಮುಟ್ಟಬಾರದು. ಒಂದು ಮಿಲಿಮೀಟರಿನಷ್ಟು ಬಿಟ್ಟು ಕೊರೆಯಬೇಕು. ಬಿಟ್ಟರೆ ಕೆಲವು ವರ್ಷಗಳಲ್ಲಿ ಹೊಸ ತೊಗಟೆ ಬಂದು ಅಲ್ಲೇ ಮತ್ತೆ ಟ್ಯಾಪಿಂಗ್ ಮಾಡಬಹುದು. ಮುಟ್ಟಿದರೆ? ಪಕ್ಕದ ಒಂದು ಮರಕ್ಕೆ ಲೈಟು ಹಿಡಿದು ತೋರಿಸಿದ. ತೊಗಟೆ ಗಂಟುಗಂಟಾಗಿ ಊದಿಕೊಂಡಿತ್ತು. "ಯಾರೋ ಕಲಿಯುವಾಗ ಮಾಡಿದ್ದು. ಮರ ಸಾಯಲಿಲ್ಲ. ಆದರೆ ಆ ಜಾಗದಲ್ಲಿ ಇನ್ನು ಕತ್ತಿ ಸರಿ ಓಡುವುದಿಲ್ಲ" ಎಂದ.

ನನಗಾಗಿ ಹೇಳಿದ್ದಲ್ಲ. ಮರದ ವಿಷಯವನ್ನಷ್ಟೇ ಹೇಳಿದ್ದು. ಕೇಳಿದವನಿಗೆ ಮಾತ್ರ ಬೇರೆಯೂ ಕೇಳಿಸಿತು.

ಇದನ್ನು ಓದುವ ತಂದೆತಾಯಂದಿರು ಮಕ್ಕಳನ್ನು ಗದರಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಕತ್ತಿ ಮುಟ್ಟಿಸದಿದ್ದರೆ ಹಾಲಿಲ್ಲ. ಬೆಂಚು ಹಾಳು ಮಾಡಿದವನಿಗೆ ತಪ್ಪೆಂದು ಹೇಳಲೇಬೇಕಿತ್ತು. ಆ ಬೆಂಚನ್ನು ನುಣ್ಣಗೆ ಉಜ್ಜಿಸಿದ್ದರೂ ನ್ಯಾಯವೇ. ಮಾಡಿದ ಕೆಲಸದ ಬಗ್ಗೆ ಆಡಿದ ಮಾತು ತೊಗಟೆಯಲ್ಲಿ ನಿಲ್ಲುತ್ತದೆ. ನೀನು ಇಂಥವನು, ನಿನ್ನಿಂದ ಆಗದು, ನಿನ್ನ ಅಣ್ಣನನ್ನು ನೋಡು ಎಂದು ಆಡಿದ್ದು ಒಳಗಿನ ಪದರವನ್ನು ಮುಟ್ಟುತ್ತದೆ. ಅದೂ ನಾಲ್ಕು ಜನರ ನಗುವಿನ ನಡುವೆ ಆಡಿದರೆ ಇನ್ನೂ ಆಳ. ಪ್ರೋಗ್ರೆಸ್ ಕಾರ್ಡ್ ಬಂದ ಸಂಜೆ ನಮ್ಮ ಮನೆಗಳ ಜಗಲಿಯಲ್ಲಿ ಎಷ್ಟು ಉಳಿಗಳು ಓಡಾಡುತ್ತವೆ ಎಂದು ಯೋಚಿಸಿದರೆ ಭಯವಾಗುತ್ತದೆ. ಒಳ್ಳೆಯ ಮಾತೂ ಅಷ್ಟೇ ಆಳಕ್ಕೆ ಹೋಗಬಲ್ಲದು, ಅದೊಂದು ಸಮಾಧಾನ. ಅಮ್ಮನ ಕೊಡಪಾನದ ದೀರ್ಘವನ್ನು ಈಗ ತಿದ್ದಲಾಗದು, ನಿಜ. ಆದರೆ ಬದುಕಿರುವ ಮರ ಲೋಹದ ಹಾಗಲ್ಲ. ಗಂಟಿನ ಪಕ್ಕದಲ್ಲಿಯೂ ತೊಗಟೆ ಬೆಳೆಯುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಯಾರೋ ಮಾಸ್ತರು ಒಂದು ದಿನ ಸಿಟ್ಟಿನಲ್ಲೋ ಚಪ್ಪಾಳೆಯ ಆಸೆಯಲ್ಲೋ ಆಡಿದ್ದು ಶಿಲಾಶಾಸನವಲ್ಲ. ಕಲ್ಲಚ್ಚಿನ ಬರಹ ಎಂದುಕೊಳ್ಳಿ; ಉಜ್ಜಿ, ಮತ್ತೆ ಬರೆಯಿರಿ. ಹೇಳುವುದು ಸುಲಭ ಎಂದು ನನಗೆ ಗೊತ್ತಿದೆ. ಮರೆತವನು ನಾನು, ಹೊತ್ತವನು ಅವನು.

ಮುಂದಿನ ಸಂಜೆ ಹುಡುಗಿ ವಾಕ್ಯಗಳನ್ನು ತಂದಳು. ಮೊದಲನೆಯದು ನನ್ನ ಅಮ್ಮನ ಕೊಡದ್ದು, ಸರಿಯಾಗಿತ್ತು. ಎರಡನೆಯದು, 'ನನ್ನ ಅಪ್ಪ ಪ್ರತಿದಿನ ಬೆಳಿಗ್ಗೆ ರಬ್ಬರ್ ಮರಗಳನ್ನು ಎನ್‌ಗ್ರೇವ್ ಮಾಡುತ್ತಾರೆ' ಎಂದು. ಕೆಂಪು ಪೆನ್ನು ತಾನಾಗಿ ಕೈಗೆ ಬಂತು. ಕ್ರಿಯಾಪದ ತಪ್ಪು. ನಾಲಿಗೆಯ ತುದಿಗೆ ಒಂದು ತಮಾಷೆಯೂ ಬಂತು; ಹಳೆಯ ಅಭ್ಯಾಸ, ಹೋಗುವುದಿಲ್ಲ. ಜಗಲಿಯ ತುದಿಯಲ್ಲಿ ಅವಳಪ್ಪ ಟಾರ್ಚನ್ನು ಮಡಿಲಲ್ಲಿಟ್ಟುಕೊಂಡು ಅಂಗಳದತ್ತ ನೋಡುತ್ತಾ ಕೂತಿದ್ದ. ನಾನು ಪೆನ್ನು ಕೆಳಗಿಟ್ಟು ಪೆನ್ಸಿಲ್ ತೆಗೆದುಕೊಂಡೆ.

"ವಾಕ್ಯ ಚಂದ ಉಂಟು. ಆದರೆ ರಬ್ಬರಿಗೆ ಇಂಗ್ಲಿಷಿನಲ್ಲಿ 'ಟ್ಯಾಪ್' ಎನ್ನಬೇಕು" ಎಂದು ಬದಿಯಲ್ಲಿ ಸಣ್ಣಗೆ ಬರೆದು ತೋರಿಸಿದೆ.

"ಗೊತ್ತುಂಟು ಸರ್" ಎಂದಳು ಹುಡುಗಿ. "ಆದರೆ ಅಪ್ಪ ಕೊರೆಯುವುದೇ ಅಲ್ಲವಾ?"